ಒತ್ತಿ ಹಿಡಿದ ಉಕ್ಕಿನೊಳಗೆ ಬಿರುಕು ಬೆಳೆಯುವುದು ಹೇಗೆ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿದ್ದೇನೆ. ನಮ್ಮ ಗೇರ್‌ಬಾಕ್ಸ್‌ನ ಒಂದು ರೋಲರ್ ಬೇರಿಂಗ್ ಸದ್ದು ಮಾಡತೊಡಗಿತು. ಬಿಚ್ಚಿ ನೋಡಿದರೆ ಇನ್ನರ್ ರೇಸ್ (ರೋಲರ್‌ಗಳು ಉರುಳುವ ಒಳಬಳೆ) ಮೇಲೆ ಒಂದು ಕಡೆ ಚಕ್ಕೆ ಎದ್ದು ಹಳ್ಳ ಬಿದ್ದಿತ್ತು. ಉಳಿದ ಕಡೆಯೆಲ್ಲ ಫಳಫಳ ಹೊಳೆಯುತ್ತಿತ್ತು. ಎಣ್ಣೆ ಶುದ್ಧವಾಗಿತ್ತು. ಬಿರುಕು ಮೈಯ ಕೆಳಗೆ ಹುಟ್ಟಿ ಮೇಲಕ್ಕೆ ಬಂದಿದೆ ಅಂತ ವರದಿ ಬಂತು. ಆದರೆ ರೋಲರ್ ಮೇಲಿನಿಂದ ಅದುಮುವಾಗ ಒಳಗಿನ ಉಕ್ಕು ಒತ್ತಿಕೊಂಡೇ ಇರುತ್ತದೆ ಅಲ್ವಾ? ಅಲ್ಲಿ ಬಿರುಕು ಬಾಯಿ ಬಿಡುವುದಾದರೂ ಹೇಗೆ? ಅದೇ ಶಾಫ್ಟ್‌ನ ಇನ್ನೊಂದು ಬೇರಿಂಗ್, ಅದೇ ಕಂಪನಿಯದು, ಅದೇ ದಿನ ಹಾಕಿದ್ದು, ಇನ್ನೂ ಚೆನ್ನಾಗಿದೆ. ಅದನ್ನು ನಂಬಬಹುದೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಒತ್ತಿ ಹಿಡಿದ ಕಡೆ ಬಿರುಕು ಬಾಯಿ ಬಿಡುವುದಿಲ್ಲ. ಬಾಯಿ ಬಿಡದೆಯೇ ಬೆಳೆಯುತ್ತದೆ. ಬಿರುಕಿನ ಎರಡು ಮುಖಗಳೂ ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ರೋಲರ್ ದಾಟಿದಾಗಲೆಲ್ಲ ಅವು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಚೂರೇ ಚೂರು ಜಾರುತ್ತವೆ. ಈ ಜಾರಾಟ ಬಿರುಕಿನ ತುದಿಯನ್ನು ಮುಂದಕ್ಕೆ ತಳ್ಳುತ್ತದೆ. ನಾವು ಕಾಲೇಜಿನಲ್ಲಿ ಕಲಿಯುವುದು ಹೆಚ್ಚಾಗಿ ಎಳೆದಾಗ ತೆರೆದುಕೊಳ್ಳುವ ಬಿರುಕಿನ ಪಾಠ. ಬೇರಿಂಗ್ ಒಳಗೆ ಆ ಪಾಠ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ.

ಮೊದಲು ಒತ್ತಡ ಎಲ್ಲಿ ಎಷ್ಟಿದೆ ಅಂತ ನೋಡೋಣ. ಬಾಗಿದ ಎರಡು ಮೈಗಳು ಒಂದನ್ನೊಂದು ಒತ್ತಿದಾಗ ಎಷ್ಟು ಜಾಗ ತಾಗುತ್ತದೆ, ಅಲ್ಲಿ ಒತ್ತಡ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಕೊಟ್ಟವರು ಜರ್ಮನಿಯ ಹೈನ್ರಿಶ್ ಹರ್ಟ್ಸ್, 1880ರ ದಶಕದ ಆರಂಭದಲ್ಲಿ. ರೇಡಿಯೋ ಅಲೆಗಳ ಹರ್ಟ್ಸ್ ಅವರೇ. ಅವರು ಹೊರಟಿದ್ದು ಗಾಜಿನ ಲೆನ್ಸ್‌ಗಳನ್ನು ಒತ್ತಿ ಹಿಡಿದಾಗ ಕಾಣುವ ಬೆಳಕಿನ ಪಟ್ಟೆಗಳ ಬೆನ್ನು ಹತ್ತಿ. ಸಿಕ್ಕಿದ್ದು ಇವತ್ತಿಗೂ ಬೇರಿಂಗ್ ಡಿಸೈನ್ ಮಾಡುವವರು ಬಳಸುವ ಸೂತ್ರ.

ಒಂದು ಉದಾಹರಣೆ ತೆಗೆದುಕೊಳ್ಳಿ. 20 ಮಿ.ಮೀ. ವ್ಯಾಸ, 20 ಮಿ.ಮೀ. ಉದ್ದದ ಉಕ್ಕಿನ ರೋಲರ್ ಒಂದನ್ನು ಚಪ್ಪಟೆ ಉಕ್ಕಿನ ಮೇಲಿಟ್ಟು 10 ಕಿಲೋನ್ಯೂಟನ್, ಅಂದರೆ ಸುಮಾರು ಒಂದು ಟನ್ ಭಾರ ಹಾಕಿದೆವು ಎನ್ನಿ. ಹರ್ಟ್ಸ್ ಲೆಕ್ಕದಲ್ಲಿ ಎರಡೂ ತಾಗುವ ಪಟ್ಟಿಯ ಅಗಲ 0.47 ಮಿ.ಮೀ. ಮಾತ್ರ. ಒಂದು ಟನ್ ಭಾರವೆಲ್ಲ ಅಷ್ಟು ಕಿರಿದಾದ ಪಟ್ಟಿಯ ಮೇಲೆ. ಪಟ್ಟಿಯ ನಟ್ಟನಡುವೆ ಒತ್ತಡ ಸುಮಾರು 1,340 ಮೆಗಾಪಾಸ್ಕಲ್. ಸಾಮಾನ್ಯ ಕಟ್ಟಡದ ಉಕ್ಕು 250 ಮೆಗಾಪಾಸ್ಕಲ್ ಆಸುಪಾಸಿನಲ್ಲೇ ಬಗ್ಗಿಬಿಡುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಬೇರಿಂಗ್ ಲೋಕದಲ್ಲಿ 1,340 ಏನೂ ದೊಡ್ಡದಲ್ಲ, ದಿನನಿತ್ಯದ ಸಂಗತಿ.

ಇಷ್ಟು ಒತ್ತಡ ಇರುವ ಮೈಯ ಮೇಲೇ ಉಕ್ಕು ಮೊದಲು ಸೋಲಬೇಕು ಅನಿಸುತ್ತದೆ. ಹಾಗಾಗುವುದಿಲ್ಲ. ಕಾರಣ ಇಷ್ಟೇ: ಮೈಯ ಮೇಲೆ ಪಟ್ಟಿಯ ನಡುವೆ ಉಕ್ಕನ್ನು ಮೇಲಿನಿಂದ ರೋಲರ್ ಒತ್ತುತ್ತದೆ, ಪಕ್ಕಗಳಿಂದ ಸುತ್ತಲಿನ ಉಕ್ಕು ಹೆಚ್ಚುಕಡಿಮೆ ಅಷ್ಟೇ ಬಲವಾಗಿ ಒತ್ತಿ ಹಿಡಿಯುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತಿದರೆ ಲೋಹಕ್ಕೆ ಆಕಾರ ಬದಲಿಸಲು ದಾರಿಯೇ ಇಲ್ಲ. ಉಕ್ಕಿಗೆ ಏಟು ಬೀಳುವುದು ಒತ್ತಡದಿಂದಲ್ಲ, ಒಂದು ದಿಕ್ಕಿನ ಒತ್ತಡಕ್ಕೂ ಇನ್ನೊಂದು ದಿಕ್ಕಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದ. ಆ ವ್ಯತ್ಯಾಸವೇ ಪದರದ ಮೇಲೆ ಪದರ ಜಾರುವಂತೆ ಮಾಡುತ್ತದೆ. ಎಂಜಿನಿಯರ್‌ಗಳ ಭಾಷೆಯಲ್ಲಿ ಶಿಯರ್. ಇಸ್ಪೀಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲ್ಗಡೆಯಿಂದ ಪಕ್ಕಕ್ಕೆ ತಳ್ಳಿದರೆ ಎಲೆಗಳು ಒಂದರ ಮೇಲೊಂದು ಜಾರುತ್ತವಲ್ಲ, ಅದೇ.

ಈಗ ಮೈಯಿಂದ ಸ್ವಲ್ಪ ಕೆಳಗಿಳಿಯಿರಿ. ಪಕ್ಕದ ಒತ್ತಡ ಬೇಗ ಕರಗಿಹೋಗುತ್ತದೆ, ಮೇಲಿನಿಂದ ಬರುವ ಒತ್ತಡ ನಿಧಾನಕ್ಕೆ ಕರಗುತ್ತದೆ. ನಮ್ಮ ಉದಾಹರಣೆಯಲ್ಲಿ 0.19 ಮಿ.ಮೀ. ಆಳದಲ್ಲಿ ಮೇಲಿನಿಂದ ಬರುವುದು ಗರಿಷ್ಠ ಒತ್ತಡದ ಶೇ. 79ರಷ್ಟು ಇನ್ನೂ ಉಳಿದಿರುತ್ತದೆ. ಪಕ್ಕದ್ದು ಶೇ. 19ಕ್ಕೆ ಇಳಿದಿರುತ್ತದೆ. ಇವೆರಡರ ವ್ಯತ್ಯಾಸದ ಅರ್ಧ, ಅಂದರೆ ಶೇ. 30, ಅಲ್ಲಿನ ಶಿಯರ್. ಸುಮಾರು 400 ಮೆಗಾಪಾಸ್ಕಲ್. ರೋಲರ್‌ನ ಕೆಳಗೆ ಬೇರೆಲ್ಲೂ ಇದಕ್ಕಿಂತ ಜಾಸ್ತಿ ಇಲ್ಲ. ಆಳ ಎಷ್ಟು ಅನ್ನುವುದು ತಾಗುವ ಪಟ್ಟಿಯ ಅಗಲದ ಮೇಲೆ ನಿಂತಿದೆ: ಅರ್ಧ ಅಗಲದ ಶೇ. 79ರಷ್ಟು ಆಳ. ಬಾಲ್ ಬೇರಿಂಗ್‌ನಲ್ಲಿ ತಾಗುವ ಜಾಗ ದುಂಡಗೆ ಅಥವಾ ಅಂಡಾಕಾರದಲ್ಲಿರುವುದರಿಂದ ಈ ಪಾಲು ಇನ್ನೂ ಕಡಿಮೆ. ರೈಲಿನ ಗಾಲಿ ಮತ್ತು ಹಳಿಯ ನಡುವೆ ತಾಗುವ ಜಾಗ ಸುಮಾರು ಒಂದು ಚದರ ಸೆಂ.ಮೀ. ಇರುತ್ತದೆ. ಹಾಗಾಗಿ ಅಲ್ಲಿ ಇದೇ ವಲಯ ಕೆಲವು ಮಿ.ಮೀ. ಕೆಳಗೆ ಹೋಗುತ್ತದೆ.

ಇದು ನಿಂತ ರೋಲರ್‌ನ ಕಥೆ. ಉರುಳುವ ರೋಲರ್‌ನ ಕಥೆ ಇನ್ನೂ ಕೆಟ್ಟದ್ದು, ಮತ್ತು ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಅಲ್ಲೇ.

ರೇಸ್ ಒಳಗೆ, ಮೈಯಿಂದ 0.12 ಮಿ.ಮೀ. ಕೆಳಗೆ ಕೂತ ಒಂದು ಉಕ್ಕಿನ ಕಣವನ್ನು ಊಹಿಸಿಕೊಳ್ಳಿ. ರೋಲರ್ ದೂರದಿಂದ ಬರುತ್ತಿದೆ. ಹತ್ತಿರವಾದಂತೆ ಮೈಗೆ ಸಮಾನಾಂತರವಾದ ಪದರಗಳನ್ನು ಅದು ಒಂದು ದಿಕ್ಕಿಗೆ ಜಾರಿಸಲು ನೋಡುತ್ತದೆ. ರೋಲರ್ ಸರಿಯಾಗಿ ತಲೆಯ ಮೇಲೆ ಬಂದಾಗ ಆ ಶಿಯರ್ ಸೊನ್ನೆ. ದಾಟಿ ಮುಂದೆ ಹೋದಾಗ ಅಷ್ಟೇ ಬಲದ ಶಿಯರ್, ಆದರೆ ಉಲ್ಟಾ ದಿಕ್ಕಿನಲ್ಲಿ. ಒಂದೊಂದು ದಿಕ್ಕಿನಲ್ಲಿ ಗರಿಷ್ಠ ಒತ್ತಡದ ಶೇ. 25, ಅಂದರೆ ನಮ್ಮ ಉದಾಹರಣೆಯಲ್ಲಿ ಸುಮಾರು 335 ಮೆಗಾಪಾಸ್ಕಲ್. ಆ ಕಡೆಯಿಂದ ಈ ಕಡೆಗೆ ಒಟ್ಟು ತೂಗಾಟ 670. ಹಿಂದೆ ಹೇಳಿದ 400ರ ಶಿಯರ್ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ಅಷ್ಟೇ. ತಂತಿಯನ್ನು ತುಂಡು ಮಾಡಬೇಕಾದರೆ ನಾವು ಒಂದೇ ಕಡೆ ಬಗ್ಗಿಸುತ್ತಾ ಕೂರುವುದಿಲ್ಲ, ಆ ಕಡೆ ಈ ಕಡೆ ಬಗ್ಗಿಸುತ್ತೇವೆ. ಮತ್ತೆ ಮತ್ತೆ ಬಲ ಬಿದ್ದು ಲೋಹ ಸೋಲುವುದಕ್ಕೆ ದಣಿವು ಎನ್ನುತ್ತಾರೆ. ದಣಿವಿಗೆ ತೂಗಾಟವೇ ಮುಖ್ಯ.

ಈ ತೂಗಾಡುವ ಶಿಯರ್ ಆಧಾರದ ಮೇಲೆಯೇ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಬೇರಿಂಗ್ ಆಯುಷ್ಯದ ಲೆಕ್ಕ ಕಟ್ಟಿದರು. ಯಾವ ಶಿಯರ್ ಅನ್ನು ಹಿಡಿಯಬೇಕು ಅನ್ನುವ ವಾದ ಇನ್ನೂ ಮುಗಿದಿಲ್ಲ. ನನಗೆ ಬಿರುಕಿನ ಬೆಳವಣಿಗೆಯ ವಿಷಯದಲ್ಲಿ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಹಿಡಿದದ್ದೇ ಹೆಚ್ಚು ಒಪ್ಪಿಗೆಯಾಗುತ್ತದೆ. ಯಾಕೆಂದರೆ ಮೈಯ ಕೆಳಗಿನ ಬಿರುಕುಗಳನ್ನು ಕತ್ತರಿಸಿ ನೋಡಿದರೆ ಅವು ಬಹಳ ದೂರ ಮೈಗೆ ಸಮಾನಾಂತರವಾಗಿಯೇ ಓಡಿರುತ್ತವೆ. ಈ ಶಿಯರ್ ಕೆಲಸ ಮಾಡುವುದೂ ಅದೇ ಸಮತಲದಲ್ಲಿ. 400ರ ಇನ್ನೊಂದು ಶಿಯರ್ ಇರುವುದು 45 ಡಿಗ್ರಿ ಓರೆಯಲ್ಲಿ.

ಎಷ್ಟು ಸಲ ಈ ತೂಗಾಟ ನಡೆಯುತ್ತದೆ? 15 ರೋಲರ್‌ಗಳ ಬೇರಿಂಗ್, ಶಾಫ್ಟ್ ನಿಮಿಷಕ್ಕೆ 1,500 ಸುತ್ತು ಅಂದುಕೊಳ್ಳಿ. ಔಟರ್ ರೇಸ್‌ನ ಒಂದು ಬಿಂದುವಿನ ಮೇಲೆ ಸೆಕೆಂಡಿಗೆ ಸುಮಾರು 150 ರೋಲರ್ ಹಾದುಹೋಗುತ್ತವೆ. ಬಿಡುವಿಲ್ಲದೆ ಓಡಿದರೆ ದಿನಕ್ಕೆ 1.3 ಕೋಟಿ, ವರ್ಷಕ್ಕೆ 470 ಕೋಟಿ. ಸಾಮಾನ್ಯ ದಣಿವಿನ ಪರೀಕ್ಷೆಯನ್ನು ಒಂದು ಕೋಟಿ ಸುತ್ತಿಗೆ ನಿಲ್ಲಿಸಿ "ಇನ್ನು ಒಡೆಯುವುದಿಲ್ಲ" ಎನ್ನುವ ರೂಢಿಯಿದೆ. ಬೇರಿಂಗ್ ಒಂದೇ ದಿನದಲ್ಲಿ ಆ ಗಡಿ ದಾಟಿಬಿಡುತ್ತದೆ.

ಹಾಗಾದರೆ ಆ ಆಳದಲ್ಲಿರುವ ಉಕ್ಕೆಲ್ಲ ಒಟ್ಟಿಗೆ ಬಿರುಕು ಬಿಡಬೇಕಲ್ಲವೇ? ರೇಸ್ ಸುತ್ತ ಒತ್ತಡ ಒಂದೇ ಥರ ಇದ್ದರೂ ಒಂದೇ ಕಡೆ ಚಕ್ಕೆ ಏಳುವುದು ಯಾಕೆ? ಉಕ್ಕು ಒಂದೇ ಥರ ಇಲ್ಲದಿರುವುದರಿಂದ. ಬೇರಿಂಗ್ ಉಕ್ಕಿನಲ್ಲಿ ಸುಮಾರು ಶೇ. 1 ಇಂಗಾಲ, ಶೇ. 1.5 ಕ್ರೋಮಿಯಂ ಇರುತ್ತದೆ. ಕರಗಿದ ಉಕ್ಕಿನಿಂದ ಆಮ್ಲಜನಕ ತೆಗೆಯಲು ಅಲ್ಯೂಮಿನಿಯಂ ಹಾಕುತ್ತಾರೆ. ಅದು ಆಮ್ಲಜನಕವನ್ನು ಹಿಡಿದು ಅಲ್ಯೂಮಿನಾ ಆಗುತ್ತದೆ. ಬಹುಪಾಲು ತೇಲಿ ಕಿಟ್ಟದ ಜೊತೆ ಹೋಗುತ್ತದೆ, ಚೂರುಪಾರು ಒಳಗೇ ಉಳಿಯುತ್ತದೆ. ಇಂಥ ಕಲ್ಮಶದ ಕಣಗಳಿಗೆ ಇಂಕ್ಲೂಷನ್ ಎನ್ನುತ್ತಾರೆ. ಕೆಲವು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಗಾತ್ರದವು ಪರವಾಗಿಲ್ಲ. ಹತ್ತಾರು ಮೈಕ್ರಾನ್‌ನದು ಒಂದು ಸಿಕ್ಕಿದರೆ ಸಾಕು.

ಅಲ್ಯೂಮಿನಾ ಕಣ ಉಕ್ಕಿಗಿಂತ ಗಟ್ಟಿ. ಬಿಸಿಯಿಂದ ತಣಿದಾಗ ಉಕ್ಕಿನಷ್ಟು ಕುಗ್ಗುವುದೂ ಇಲ್ಲ. ಹಾಗಾಗಿ ಹೀಟ್ ಟ್ರೀಟ್‌ಮೆಂಟ್ ಮುಗಿದ ಗಳಿಗೆಯಿಂದಲೇ ಅದರ ಸುತ್ತಲಿನ ಉಕ್ಕು ಎಳೆತದಲ್ಲಿರುತ್ತದೆ. ಗಮನಿಸಿ, ಹೊರಗಿನಿಂದ ಇನ್ನೂ ಯಾವ ಭಾರವೂ ಬಿದ್ದಿಲ್ಲ. ಮ್ಯಾಂಗನೀಸ್ ಸಲ್ಫೈಡ್ ಇದಕ್ಕೆ ತದ್ವಿರುದ್ಧ. ಅದು ಮೆತ್ತಗಿರುತ್ತದೆ, ಉಕ್ಕಿಗಿಂತ ಜಾಸ್ತಿ ಕುಗ್ಗುತ್ತದೆ, ರೋಲಿಂಗ್ ಮಿಲ್‌ನಲ್ಲಿ ಉಕ್ಕಿನ ಜೊತೆಗೇ ಉದ್ದಕ್ಕೆ ಎಳೆದುಕೊಳ್ಳುತ್ತದೆ. ದುಂಡಗಿನ ಗಟ್ಟಿ ಆಕ್ಸೈಡ್ ಕಣಗಳಷ್ಟು ಕೇಡು ಸಾಮಾನ್ಯವಾಗಿ ಅದು ಮಾಡುವುದಿಲ್ಲ.

ಇಂಥ ಕಣದ ಸುತ್ತ ಏನಾಗುತ್ತದೆ ಅಂತ ನೋಡಬೇಕಾದರೆ ರೇಸ್ ಅನ್ನು ಕತ್ತರಿಸಿ, ಪಾಲಿಶ್ ಮಾಡಿ, ಆಲ್ಕೋಹಾಲ್‌ನಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ ಬೆರೆಸಿದ ದ್ರಾವಣ ಹಚ್ಚಿ ಮೈಕ್ರೋಸ್ಕೋಪ್ ಕೆಳಗೆ ಇಡಬೇಕು. ಉಳಿದ ಉಕ್ಕು ಕಂದಾಗಿ ಕಪ್ಪಾಗುತ್ತದೆ. ಕಣದ ಎರಡು ಪಕ್ಕ ಮಾತ್ರ ಬೆಳ್ಳಗೆ ಉಳಿಯುತ್ತದೆ, ಎರಡು ರೆಕ್ಕೆಗಳ ಹಾಗೆ, ಉರುಳುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ. ಈ ಕೆಲಸದವರು ಇದನ್ನು ಚಿಟ್ಟೆ ಎಂದೇ ಕರೆಯುತ್ತಾರೆ. ಆ ಬಿಳಿ ಭಾಗದಲ್ಲಿ ಉಕ್ಕಿನ ಮೂಲ ರಚನೆಯೇ ಉಳಿದಿರುವುದಿಲ್ಲ. ಕೋಟಿಗಟ್ಟಲೆ ಸಲ ಹೊಸೆದು ಹೊಸೆದು ಅದು ನ್ಯಾನೋಮೀಟರ್ ಲೆಕ್ಕದ ಪುಟ್ಟ ಪುಟ್ಟ ಹರಳುಗಳಾಗಿ ಪುಡಿಯಾಗಿರುತ್ತದೆ, ಸುತ್ತಲಿನ ಉಕ್ಕಿಗಿಂತ ಗಟ್ಟಿಯೂ ಆಗಿರುತ್ತದೆ. ರೆಕ್ಕೆಯ ಅಂಚಿನಲ್ಲಿ ಸಣ್ಣ ಬಿರುಕು. ಇನ್ನೂ ಒಂದು ಸ್ವಾರಸ್ಯ ಇದೆ. ಯಂತ್ರ ಎರಡೂ ದಿಕ್ಕಿಗೆ ಓಡುವಂಥದ್ದಾದರೆ ಅಡ್ಡಲಾಗಿ ಇನ್ನೊಂದು ಜೊತೆ ರೆಕ್ಕೆ ಬೆಳೆಯುತ್ತದೆ. ಬೇರಿಂಗ್ ಯಾವ ದಿಕ್ಕಿಗೆ ಓಡಿತ್ತು ಅಂತ ಅದೇ ಬರೆದಿಟ್ಟಿರುತ್ತದೆ.

ಪ್ರತಿ ಚಿಟ್ಟೆಯೂ ಬೇರಿಂಗ್ ಕೆಡಿಸುವುದಿಲ್ಲ. ಹೆಚ್ಚಿನವು ಅಲ್ಲೇ ಇದ್ದುಬಿಡುತ್ತವೆ. ಬಿರುಕಿನ ತುದಿಯ ಮೇಲೆ ಬೀಳುವ ಬಲ ಬಿರುಕಿನ ಉದ್ದದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ: ಉದ್ದ ನಾಲ್ಕು ಪಟ್ಟಾದರೆ ಬಲ ಎರಡು ಪಟ್ಟು. ಒಂದು ಮಟ್ಟಕ್ಕಿಂತ ಕಡಿಮೆ ಬಲ ಇದ್ದರೆ ತುದಿ ಅಲ್ಲಾಡುವುದೇ ಇಲ್ಲ. ಹಾಗಾಗಿ ಪುಟ್ಟ ಕಣದ ಪುಟ್ಟ ಬಿರುಕಿಗೆ ಹೊಸ್ತಿಲು ದಾಟುವ ಶಕ್ತಿ ಇರುವುದಿಲ್ಲ. ದೊಡ್ಡ ಕಣ, ಸರಿಯಾದ ಆಳದಲ್ಲಿ ಕೂತಿದ್ದರೆ, ದಾಟುತ್ತದೆ.

ಬೆಳೆಯುವಾಗ ಅದಕ್ಕೆ ಅಡ್ಡಿ ಮಾಡುವುದು ನೀವು ಹೇಳಿದ ಒತ್ತಡವೇ. ನಮ್ಮ ಉದಾಹರಣೆಗೆ ಮತ್ತೆ ಬನ್ನಿ. ತೂಗಾಡುವ ಶಿಯರ್ ಗರಿಷ್ಠ ಇರುವ ಕ್ಷಣದಲ್ಲಿ ರೋಲರ್ ಬಿರುಕಿನ ನೇರ ಮೇಲೆ ಇರುವುದಿಲ್ಲ, ಸುಮಾರು 0.2 ಮಿ.ಮೀ. ಆಚೆಯೋ ಈಚೆಯೋ ಇರುತ್ತದೆ. ಆಗ ಬಿರುಕಿನ ಮುಖಗಳನ್ನು ಅದುಮುವ ಒತ್ತಡ ಸುಮಾರು 575 ಮೆಗಾಪಾಸ್ಕಲ್, ಜಾರಿಸುವ ಶಿಯರ್ 335. ಮುಖಗಳ ನಡುವಿನ ಘರ್ಷಣೆಯ ಗುಣಾಂಕ 0.3 ಅಂತಿಟ್ಟುಕೊಂಡರೆ 170ರಷ್ಟು ಘರ್ಷಣೆಗೇ ಹೋಯಿತು. ಬಿರುಕಿನ ತುದಿಗೆ ಸಿಗುವುದು ಉಳಿದ ಅರ್ಧ. ಮುಖಗಳು ಒರಟಾಗಿದ್ದು ಘರ್ಷಣೆ ಜಾಸ್ತಿ ಇದ್ದರೆ ಅದೂ ಸಿಗದು. ಒತ್ತಡ ಬಿರುಕನ್ನು ಮುಚ್ಚಿ ಹಿಡಿಯುತ್ತದೆ, ನಿಧಾನ ಮಾಡುತ್ತದೆ, ಕೆಲವೊಮ್ಮೆ ನಿಲ್ಲಿಸುತ್ತದೆ ಕೂಡ. ಯಾವಾಗಲೂ ನಿಲ್ಲಿಸಲಾರದು, ಅಷ್ಟೇ. ಮೇಲಾಗಿ ಈ ಹಂತದಲ್ಲಿ ಬಿರುಕಿನೊಳಗೆ ಗಾಳಿಯೂ ಇಲ್ಲ, ಎಣ್ಣೆಯೂ ಇಲ್ಲ. ಒಣ ಲೋಹದ ಮೇಲೆ ಒಣ ಲೋಹ ಉಜ್ಜುತ್ತಿರುತ್ತದೆ.

ಹೀಗೆ ಸಮಾನಾಂತರವಾಗಿ ಓಡಿದ ಬಿರುಕು ಒಂದಲ್ಲ ಒಂದು ಕಡೆ ಕವಲೊಡೆಯುತ್ತದೆ. ಮುಖಗಳು ಜಾರುವಾಗ ತುದಿಯ ಒಂದು ಪಕ್ಕದಲ್ಲಿ ಎಳೆತ ಹುಟ್ಟುತ್ತದೆ. ಅಲ್ಲಿಂದ ಬಿರುಕು ಮೇಲಕ್ಕೂ ತಿರುಗಬಹುದು, ಕೆಳಕ್ಕೂ ತಿರುಗಬಹುದು. ಕೆಳಕ್ಕೆ ಹೋದ ಕವಲಿಗೆ ಆಳಕ್ಕಿಳಿದಂತೆ ಶಿಯರ್ ಕಡಿಮೆಯಾಗಿ ಉಸಿರು ಸಾಲದು. ಮೇಲಕ್ಕೆ ಹೋದದ್ದಕ್ಕೆ ದಾರಿ ಚಿಕ್ಕದು. ಅಷ್ಟರಲ್ಲಿ ಬಿರುಕಿನ ಮೇಲಿನ ತೆಳು ಪದರ ಕೆಳಗೆ ಸರಿಯಾದ ಆಸರೆಯಿಲ್ಲದೆ ಪ್ರತಿ ರೋಲರ್‌ಗೂ ಬಗ್ಗಿ ಏಳುತ್ತಿರುತ್ತದೆ. ಕೊನೆಗೆ ಮುರಿದು ಚಕ್ಕೆಯಾಗಿ ಹಾರುತ್ತದೆ. ನೀವು ನೋಡಿದ ಹಳ್ಳ ಅದೇ. ಒಮ್ಮೆ ಬಿರುಕು ಮೈಗೆ ತಲುಪಿದರೆ ಎಣ್ಣೆ ಒಳನುಗ್ಗುತ್ತದೆ. ಮುಖಗಳ ಘರ್ಷಣೆ ಇಳಿಯುತ್ತದೆ. ರೋಲರ್ ಬಂದು ಬಾಯಿ ಮುಚ್ಚಿದಾಗ ಒಳಗೆ ಸಿಕ್ಕಿಬಿದ್ದ ಎಣ್ಣೆ ಬಿರುಕನ್ನು ಒಳಗಿನಿಂದ ಅಗಲಿಸುತ್ತದೆ. ಎಣ್ಣೆಯ ಈ ಪಾತ್ರವನ್ನು ಸ್ಟುವರ್ಟ್ ವೇ 1935ರಲ್ಲೇ ಪ್ರಯೋಗ ಮಾಡಿ ಹೇಳಿದ್ದರು. ಅವರದು ಮೈಯ ಮೇಲೆ ಹುಟ್ಟುವ ಬಿರುಕಿನ ವಿಷಯ, ಆದರೆ ಮೇಲೆ ಬಂದ ಮೇಲೆ ಎಲ್ಲ ಬಿರುಕಿನ ಪಾಡೂ ಒಂದೇ. ಅಲ್ಲಿಂದ ಮುಂದೆ ಎಲ್ಲವೂ ಬೇಗ ಬೇಗ. ರೋಲರ್ ಹಳ್ಳ ದಾಟಿ ಏರುವ ಅಂಚಿಗೆ ಪ್ರತಿ ಸಲವೂ ಏಟು ಬೀಳುತ್ತದೆ, ಹಳ್ಳ ಉರುಳುವ ದಿಕ್ಕಿನಲ್ಲೇ ಉದ್ದವಾಗುತ್ತದೆ.

ಇನ್ನರ್ ರೇಸ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಶಾಫ್ಟ್ ಮೇಲೆ ಬಿಗಿಯಾಗಿ ಕೂರಿಸಿರುತ್ತೇವೆ. ಆ ಬಿಗಿತದಿಂದ ರಿಂಗ್ ಸುತ್ತಳತೆಯ ಉದ್ದಕ್ಕೂ ಎಳೆತದಲ್ಲಿರುತ್ತದೆ. ಇಲ್ಲಿ ಕೆಳಕ್ಕೆ ತಿರುಗಿದ ಕವಲಿಗೆ ಉಸಿರು ಸಿಕ್ಕಿಬಿಡುತ್ತದೆ, ನಿಮ್ಮ ಪಠ್ಯಪುಸ್ತಕದ ಬಾಯಿಬಿಡುವ ಬಿರುಕು ಆಗ ಹುಟ್ಟುತ್ತದೆ. ಬಿಗಿತ ವಿಪರೀತವಾಗಿದ್ದರೆ ರಿಂಗ್ ಅಡ್ಡಡ್ಡ ಸೀಳಿಹೋಗಬಹುದು. ಚಕ್ಕೆ ಎದ್ದ ಇನ್ನರ್ ರೇಸ್ ಅನ್ನು "ಇನ್ನೊಂದು ವಾರ ನಡೀಲಿ ಬಿಡಿ" ಅನ್ನುವ ಮುಂಚೆ ಇದನ್ನು ಯೋಚಿಸಬೇಕು. ವೇಗದ ಜೆಟ್ ಎಂಜಿನ್ ಬೇರಿಂಗ್‌ಗಳಲ್ಲಿ ತಿರುಗುವ ವೇಗದಿಂದಲೂ ಎಳೆತ ಬರುತ್ತದೆ. ಅದಕ್ಕೇ ಅಲ್ಲಿ ಹೊರಮೈ ಮಾತ್ರ ಗಟ್ಟಿಯಾಗಿದ್ದು ಒಳಗೆ ಜಿಗುಟಾಗಿರುವ ಉಕ್ಕನ್ನು ತಂದರು. ಗಟ್ಟಿ ಮೈಯ ಬಿರುಕು ಜಿಗುಟು ಒಡಲಿಗೆ ಬಂದು ತಡೆಯುತ್ತದೆ. ಗೇರ್ ಹಲ್ಲುಗಳಿಗೂ ಇದೇ ನ್ಯಾಯ, ಆದರೆ ಗಟ್ಟಿ ಪದರ ಶಿಯರ್ ವಲಯಕ್ಕಿಂತ ಆಳವಾಗಿರಬೇಕು. ತೆಳುವಾದರೆ ಬಿರುಕು ಗಟ್ಟಿ ಪದರ ಮತ್ತು ಮೆತ್ತನೆ ಒಡಲು ಸೇರುವ ಗಡಿಯಲ್ಲೇ ಹುಟ್ಟುತ್ತದೆ. ಆಗ ಏಳುವ ಚಕ್ಕೆ ದೊಡ್ಡದು.

ಈಗ ನಿಮ್ಮ ಇನ್ನೊಂದು ಬೇರಿಂಗ್ ವಿಷಯ. ದೊಡ್ಡ ಕಣ ಒಂದು, ಶಿಯರ್ ವಲಯದಲ್ಲಿ, ಭಾರ ಬೀಳುವ ಜಾಗದಲ್ಲಿ ಇರುವುದು ಅನ್ನುವುದು ಅದೃಷ್ಟದ ಆಟ. ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ತಮ್ಮ ಲೆಕ್ಕಕ್ಕೆ ಸ್ವೀಡನ್ನಿನವರೇ ಆದ ಎಂಜಿನಿಯರ್ ವೈಬುಲ್ ಅವರ ಸಂಭವನೀಯತೆಯ ಗಣಿತ ತಂದದ್ದು ಇದಕ್ಕಾಗಿಯೇ. ಕ್ಯಾಟಲಾಗ್‌ನಲ್ಲಿ ಕೊಡುವ ಆಯುಷ್ಯ ಅಂದರೆ ನೂರು ಬೇರಿಂಗ್‌ಗಳಲ್ಲಿ ತೊಂಬತ್ತು ದಾಟುವ ಆಯುಷ್ಯ. ಉಳಿದ ಹತ್ತು ಅದಕ್ಕೂ ಮುಂಚೆ ಹೋಗುತ್ತವೆ, ಅದು ತಯಾರಕರ ಮೋಸವಲ್ಲ. ಅರ್ಧದಷ್ಟು ಬೇರಿಂಗ್‌ಗಳು ಕ್ಯಾಟಲಾಗ್ ಆಯುಷ್ಯದ ಸುಮಾರು ಐದು ಪಟ್ಟು ಬಾಳುತ್ತವೆ. ಒಂದೇ ದಿನ ಹಾಕಿದ ಎರಡು ಬೇರಿಂಗ್‌ಗಳಲ್ಲಿ ಒಂದು ಹೋಗಿ ಇನ್ನೊಂದು ವರ್ಷಗಟ್ಟಲೆ ಓಡುವುದರಲ್ಲಿ ಆಶ್ಚರ್ಯವೇನಿಲ್ಲ.

ಭಾರದ ವಿಷಯದಲ್ಲಿ ಮಾತ್ರ ಅದೃಷ್ಟ ನಡೆಯುವುದಿಲ್ಲ. ರೋಲರ್ ಬೇರಿಂಗ್‌ನಲ್ಲಿ ಭಾರ ಎರಡು ಪಟ್ಟಾದರೆ ಆಯುಷ್ಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಭಾರ ಶೇ. 10 ಏರಿದರೂ ಆಯುಷ್ಯದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಬಾಲ್ ಬೇರಿಂಗ್‌ನಲ್ಲಿ ಭಾರ ಎರಡು ಪಟ್ಟಾದಾಗ ಒತ್ತಡ ಏರುವುದು ಶೇ. 26 ಮಾತ್ರ, ಆಯುಷ್ಯ ಬೀಳುವುದು ಎಂಟನೇ ಒಂದಕ್ಕೆ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಭಾರ ಸಾಕಷ್ಟು ಕಡಿಮೆ ಇದ್ದು ಎಣ್ಣೆ ಸ್ವಚ್ಛವಾಗಿದ್ದರೆ ಒಳಗಿನ ದಣಿವು ಬಹುತೇಕ ನಿಂತೇಹೋಗುತ್ತದೆ ಎಂದು ಅಯೊನೈಡಿಸ್ ಮತ್ತು ಹ್ಯಾರಿಸ್ 1985ರಲ್ಲಿ ವಾದಿಸಿದರು. ಬೇರಿಂಗ್ ಆಯುಷ್ಯದ ಈಗಿನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 281 ಅದನ್ನು ಒಪ್ಪಿಕೊಂಡು, ಒಳ್ಳೆಯ ಉಕ್ಕಿಗೆ ತಾಗುವ ಜಾಗದ ಒತ್ತಡ 1,500 ಮೆಗಾಪಾಸ್ಕಲ್ ಸುತ್ತ ಆ ಮಿತಿ ಇಟ್ಟಿದೆ.

ಉಕ್ಕು ಶುದ್ಧವಾದಷ್ಟೂ ಈ ಬಗೆಯ ಬಿರುಕು ಕಡಿಮೆಯಾಗುತ್ತಾ ಬಂದಿದೆ. ನಿರ್ವಾತದಲ್ಲಿ ಅನಿಲ ತೆಗೆಯುವ ವಿಧಾನ ಬಂದ ಮೇಲೆ ಬೇರಿಂಗ್ ಉಕ್ಕಿನ ಆಮ್ಲಜನಕ ದಶಲಕ್ಷಕ್ಕೆ 10 ಭಾಗಕ್ಕಿಂತ ಕೆಳಗೆ ಇಳಿದಿದೆ. ರೈಲು ಹಳಿಗಳಲ್ಲಿ ಕೇಡು ಮಾಡುತ್ತಿದ್ದದ್ದು ಹೈಡ್ರೋಜನ್. ಹಳಿಯ ತಲೆಯೊಳಗೆ ಹೈಡ್ರೋಜನ್‌ನಿಂದಾದ ಸಣ್ಣ ಸೀಳುಗಳಿಂದ ಬಿರುಕು ಅಡ್ಡಡ್ಡ ಬೆಳೆದು, ಮೇಲೆ ಏನೂ ಕಾಣದೆ ಹಳಿ ಒಮ್ಮೆಗೇ ತುಂಡಾಗುತ್ತಿತ್ತು. 1911ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ ನಡೆದ ರೈಲು ಅಪಘಾತದ ತನಿಖೆಯಲ್ಲಿ ಇಂಥ ಅಡಗಿದ ಅಡ್ಡಬಿರುಕು ಬೆಳಕಿಗೆ ಬಂತು. 1928ರಲ್ಲಿ ಎಲ್ಮರ್ ಸ್ಪೆರಿ ಹಳಿಯೊಳಗಿನ ಬಿರುಕು ಹುಡುಕುವ ರೈಲುಗಾಡಿಯನ್ನೇ ತಂದರು. ಹಳಿಗಳನ್ನು ನಿಧಾನಕ್ಕೆ ತಣಿಸಿ ಹೈಡ್ರೋಜನ್ ಹೊರಹೋಗಲು ಬಿಟ್ಟ ಮೇಲೆ ಆ ಪೀಡೆ ತಗ್ಗಿತು. ಹೈಡ್ರೋಜನ್ ಈಗ ಬೇರೆ ಕಡೆ ತಲೆ ಎತ್ತಿದೆ. ಗಾಳಿಯಂತ್ರಗಳ ಗೇರ್‌ಬಾಕ್ಸ್ ಬೇರಿಂಗ್‌ಗಳಲ್ಲಿ ಬಿಳಿ ಅಂಚಿನ ಬಿರುಕುಗಳ ಜಾಲವೇ ಹರಡಿ, ಲೆಕ್ಕ ಹಾಕಿದ ಆಯುಷ್ಯದ ಒಂದು ಸಣ್ಣ ಪಾಲಿನಲ್ಲೇ ಅವು ಹೋಗುತ್ತಿವೆ. ಎಣ್ಣೆ ಒಡೆದು ಬರುವ ಹೈಡ್ರೋಜನ್, ಬೇರಿಂಗ್ ಮೂಲಕ ಹರಿಯುವ ವಿದ್ಯುತ್, ರೋಲರ್ ಉರುಳದೆ ಜಾರುವುದು, ಹೀಗೆ ಒಬ್ಬೊಬ್ಬರು ಒಂದೊಂದನ್ನು ದೂರುತ್ತಾರೆ.

ನಿಮ್ಮ ವರದಿಯನ್ನು ಹಾಗೇ ಒಪ್ಪಬೇಡಿ. ಇವತ್ತಿನ ಶುದ್ಧ ಉಕ್ಕಿನಲ್ಲಿ ಬೇರಿಂಗ್ ಕೆಡುವುದು ಹೆಚ್ಚಾಗಿ ಮೈಯ ಮೇಲಿನಿಂದ: ಕಸ, ತೆಳುವಾದ ಎಣ್ಣೆ, ತಪ್ಪಾದ ಜೋಡಣೆ. ಒಂದು ಭೂತಗನ್ನಡಿ ಹಿಡಿದು ಹಳ್ಳವನ್ನು ನೀವೇ ನೋಡಿ. ಒಳಗೆ ಹುಟ್ಟಿದ್ದಾದರೆ ತಳ ಹೆಚ್ಚುಕಡಿಮೆ ಸಮವಾಗಿರುತ್ತದೆ, ಗೋಡೆಗಳು ಕಡಿದಾಗಿರುತ್ತವೆ, ಹಳ್ಳದ ಆಳ ಹರ್ಟ್ಸ್ ಲೆಕ್ಕ ಕೊಡುವ ವಲಯಕ್ಕೆ ಹತ್ತಿರವಿರುತ್ತದೆ. ಸುತ್ತಲಿನ ಮೈಮೇಲೆ ಗ್ರೈಂಡಿಂಗ್ ಗೆರೆಗಳು ಇನ್ನೂ ಕಾಣುತ್ತವೆ. ಮೇಲೆ ಹುಟ್ಟಿದ್ದಾದರೆ ಹಳ್ಳ ಬಾಣದ ಮೊನೆಯಂತೆ ಒಂದು ಬಿಂದುವಿನಿಂದ ಶುರುವಾಗಿ ಉರುಳುವ ದಿಕ್ಕಿಗೆ ಅಗಲವಾಗುತ್ತದೆ, ಮೊನೆಯ ಹತ್ತಿರ ತೀರಾ ತೆಳುವಾಗಿರುತ್ತದೆ. ಮೊನೆಯಲ್ಲಿ ಕಸ ಒತ್ತಿದ ತಗ್ಗು ಸಿಕ್ಕರೂ ಸಿಗಬಹುದು. ಸುತ್ತ ಮೈ ಮಂಕಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಎಣ್ಣೆಯ ಪದರ ಸಾಲದು ಎಂದರ್ಥ. "ಫಳಫಳ ಹೊಳೆಯುತ್ತಿತ್ತು" ಅಂದಿರಲ್ಲ, ಅದೂ ಒಳ್ಳೆಯ ಲಕ್ಷಣವೇ ಅಂತ ಖಚಿತವಿಲ್ಲ. ಗೆರೆಗಳು ಸವೆದುಹೋಗಿ ಹೊಳೆಯುತ್ತಿದೆಯೋ, ಗೆರೆಗಳ ಸಮೇತ ಹೊಳೆಯುತ್ತಿದೆಯೋ ನೋಡಿ. ಹಳ್ಳ ರೋಲರ್ ಜಾಡಿನ ಒಂದು ಅಂಚಿನಲ್ಲಿದ್ದರೆ ಉಕ್ಕನ್ನು ಬೈಯುವ ಮೊದಲು ಶಾಫ್ಟ್‌ನ ಅಲೈನ್‌ಮೆಂಟ್ ಪರೀಕ್ಷಿಸಿ.

ಮೊದಲೇ ಗೊತ್ತಾಗುವ ವಿಚಾರದಲ್ಲಿ ಹೆಚ್ಚು ಆಸೆ ಇಡಬೇಡಿ. ಬೇರಿಂಗ್ ಆಯುಷ್ಯದ ದೊಡ್ಡ ಪಾಲು ಬಿರುಕು ಹುಟ್ಟುವುದರಲ್ಲಿ ಮತ್ತು ಮೈಯ ಕೆಳಗೆ ಅಡಗಿರುವುದರಲ್ಲಿ ಕಳೆದುಹೋಗುತ್ತದೆ. ಆಗ ಮೈ ನುಣುಪಾಗಿಯೇ ಇರುತ್ತದೆ, ವೈಬ್ರೇಷನ್ ಮೀಟರ್‌ಗೆ ಕೇಳಲು ಏನೂ ಇರುವುದಿಲ್ಲ. ಮೊದಲ ಚಕ್ಕೆ ಎದ್ದ ಮೇಲೆ ಮಾತ್ರ ರೋಲರ್ ಅದರ ಮೇಲೆ ಹಾದಾಗಲೆಲ್ಲ ಒಂದು ಪುಟ್ಟ ಬಡಿತ ಕೇಳುತ್ತದೆ. ಆ ಬಡಿತದ ಲಯ ರೋಲರ್‌ಗಳ ಸಂಖ್ಯೆ, ಅಳತೆ ಮತ್ತು ವೇಗದಿಂದ ಲೆಕ್ಕ ಹಾಕಬಹುದಾದದ್ದು. ಎನ್ವಲಪ್ ವಿಶ್ಲೇಷಣೆ (ಒಟ್ಟು ಕಂಪನದಿಂದ ಇಂಥ ಪುಟ್ಟ ಬಡಿತಗಳ ಲಯವನ್ನು ಹೆಕ್ಕುವುದು) ಮಾಡುವ ಮೀಟರ್ ಇದನ್ನು ಕಿವಿಗೆ ಕೇಳುವುದಕ್ಕಿಂತ ಬಹಳ ಮುಂಚೆ ಹಿಡಿಯುತ್ತದೆ. ಎಣ್ಣೆಯಲ್ಲಿ ಹೊಳೆಯುವ ಚಪ್ಪಟೆ ಚೂರುಗಳು ಸಿಕ್ಕರೂ ಅದೇ ಸುದ್ದಿ.

ಹಾಗಾಗಿ ಉಳಿದ ಬೇರಿಂಗ್ ಅನ್ನು ಸುಮ್ನೆ ಹೆದರಿ ಬಿಸಾಡಬೇಡಿ. ಕೆಟ್ಟ ಬೇರಿಂಗ್‌ನ ಹಳ್ಳ ಒಳಗೆ ಹುಟ್ಟಿದ್ದು ಅಂತ ಖಚಿತವಾದರೆ ಅದು ಈ ಬೇರಿಂಗ್ ಬಗ್ಗೆ ಹೇಳುವುದು ತೀರಾ ಕಡಿಮೆ. ಮೊದಲನೆಯದರಿಂದ ಹಾರಿದ ಚೂರುಗಳು ಇದರೊಳಗೂ ಹೋಗಿರಬಹುದು, ಅದೇ ನಿಜವಾದ ಅಪಾಯ. ಅವು ರೇಸ್ ಮೇಲೆ ಒತ್ತಿದ ತಗ್ಗುಗಳಿಂದ ಮೈಯ ಮೇಲಿನ ಬಿರುಕು ಶುರುವಾಗುತ್ತದೆ. ಎಣ್ಣೆ ಬದಲಿಸಿ, ಗೇರ್‌ಬಾಕ್ಸ್ ತೊಳೆಸಿ, ಫಿಲ್ಟರ್ ನೋಡಿ. ಆ ಬೇರಿಂಗ್ ಬಿಚ್ಚಲು ಅವಕಾಶ ಸಿಕ್ಕಾಗ ರೇಸ್ ಮೇಲೆ ಉಗುರು ಆಡಿಸಿ ನೋಡಿ. ತಗ್ಗು ತಾಗಿದರೆ ಬದಲಿಸಿ. ಇಲ್ಲದಿದ್ದರೆ ತಿಂಗಳಿಗೊಮ್ಮೆ ಎನ್ವಲಪ್ ರೀಡಿಂಗ್ ತೆಗೆದು ಬರೆದಿಡಿ. ಕೆಟ್ಟ ಬೇರಿಂಗ್‌ನ ಇನ್ನರ್ ರೇಸ್ ಗುಜರಿಗೆ ಹಾಕಬೇಡಿ. ಹಳ್ಳದ ಅಂಚಿನಿಂದ ಒಂದು ತುಂಡು ಕತ್ತರಿಸಿ ಲ್ಯಾಬ್‌ಗೆ ಕೊಟ್ಟರೆ ಚಿಟ್ಟೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.